ನೌಕಾಯಂತ್ರಗಳ ವಾಕ್ಯವ್ಯವಹಾರ: ಆಳದ ಗುಂಡಿನಿಂದ ಏಕಸೂತ್ರದವರೆಗೆ

೧. ಪ್ರಸ್ತಾವ

ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕಪನೂರವಿರುವುದು. ಅಲ್ಲಿಯ ಕೈಗಾರಿಕಾ ಪ್ರದೇಶದ ಮುಂದೆ ಸರಕಿನ ಲಾರಿಗಳು ಹಗಲಿರುಳೆನ್ನದೆ ಸಾಗುತ್ತಿರುವುವು. ಈಚಿನ ಕಾಲದ ಲಾರಿಯೊಂದನ್ನು ಬಿಚ್ಚಿ ನೋಡಿದರೆ, ಇಂಜಿನ್ನಿನ ಶಾಖ, ಎಣ್ಣೆಯ ಒತ್ತಡ, ಚಕ್ರದ ವೇಗ ಮೊದಲಾದುವನ್ನು ಅಳೆಯುವ ಸಂವೇದಕಗಳೆಲ್ಲವೂ ಹೆಣೆದ ಎರಡು ತಂತಿಗಳ ಮೂಲಕ ಚಾಲಕನ ಮುಂದಿನ ಫಲಕಕ್ಕೆ ತಮ್ಮ ವಾರ್ತೆಯನ್ನು ಮುಟ್ಟಿಸುತ್ತಿರುವುದು ಕಂಡುಬರುವುದು. ಸಮುದ್ರದಲ್ಲಿ ಚಲಿಸುವ ಆಧುನಿಕ ನೌಕೆಯಲ್ಲಿ ಆಳ, ಗಾಳಿ, ದಿಕ್ಕು, ಸ್ಥಾನ ಇವುಗಳನ್ನು ಅರಿಯುವ ಯಂತ್ರಗಳು ಪರಸ್ಪರ ಮಾತಾಡಿಕೊಳ್ಳುವುದೂ ಇದೇ ಜಾತಿಯ ತಂತಿಯಿಂದಲೇ. ಮರುಭೂಮಿಗೆ ಸಮೀಪವೆನ್ನಬಹುದಾದ ಬಿಸಿಲುನಾಡಿನ ಲಾರಿಗೂ ಮಲ್ಪೆಯ ಕಡಲಿಗಿಳಿಯುವ ನೌಕೆಗೂ ವ್ಯಾಕರಣವು ಒಂದೇ ಆಯಿತೆಂಬುದು ವಿಚಾರಾರ್ಹವಾದ ಸಂಗತಿಯು.

ಕಡಲನ್ನು ಕಾಣದ ಈ ಸೀಮೆಗೆ ಕಡಲಿನ ಸಂಬಂಧವು ಹೊಸದಲ್ಲ. ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವು. ಕ್ರಿ. ಶ. ೮೫೧ರಲ್ಲಿ ರಚಿತವಾದ ಅರಬ್ಬೀ ಪ್ರವಾಸವೃತ್ತಾಂತವೊಂದರಲ್ಲಿ ಜಗತ್ತಿನ ನಾಲ್ವರು ಮಹಾರಾಜರ ಪಂಕ್ತಿಯಲ್ಲಿ 'ಬಲ್ಹರಾ' ಎಂಬವನನ್ನು ಎಣಿಸಿರುವುದುಂಟು. ಈ ಹೆಸರು ರಾಷ್ಟ್ರಕೂಟರ 'ವಲ್ಲಭರಾಜ' ಬಿರುದಿನ ಅಪಭ್ರಂಶವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಸಮುದ್ರಮಾರ್ಗವಾಗಿ ಬಂದ ವರ್ತಕರ ಬಾಯಿಯಲ್ಲಿ ಈ ಒಳನಾಡಿನ ಅರಸನ ಹೆಸರು ಹಬ್ಬಿತು. ಹಬ್ಬುವಾಗ ರೂಪವು ಕೆಟ್ಟಿತು. ದೂರ ಸಾಗಿದ ಶಬ್ದವು ಕೆಡುವುದೂ, ಕೆಡದಂತೆ ಕಾಯುವ ಉಪಾಯವನ್ನು ಮನುಷ್ಯನು ಹುಡುಕುವುದೂ ಪ್ರಸ್ತುತ ವಿಷಯದ ಸಾರವಾಗಿವೆ.

ನೌಕೆಯ ಸಂವೇದಕಗಳನ್ನೂ ದರ್ಶಕಫಲಕಗಳನ್ನೂ ಒಂದು ಜಾಲದಲ್ಲಿ ಸೇರಿಸುವ ಕ್ರಮವು ಹೇಗೆ ಹುಟ್ಟಿ ಬೆಳೆಯಿತೆಂಬುದನ್ನು ಮುಂದೆ ನಿರೂಪಿಸಲಾಗುವುದು. ಇದನ್ನು ಕೇವಲ ಶಿಲ್ಪಿಗಳ ವಿಷಯವೆಂದು ಭಾವಿಸುವ ರೂಢಿಯುಂಟು. ಆದರೆ ಇದರ ಚರಿತ್ರೆಯನ್ನು ಪರಾಮರ್ಶಿಸಿದರೆ, ತಂತಿಯನ್ನು ಸೇರಿಸುವುದು ಸುಲಭವೆಂದೂ, ಅರ್ಥವನ್ನು ಸೇರಿಸುವುದೇ ಕಠಿಣವೆಂದೂ ವ್ಯಕ್ತವಾಗುವುದು. ಆ ಕಾರಣದಿಂದ ಇದು ಶಬ್ದಶಾಸ್ತ್ರಜ್ಞರ ಗಮನಕ್ಕೂ ಅರ್ಹವಾದುದು.

೨. ತಾಂಡೇಲನ ಮನಸ್ಸೇ ಸಂಧಿಸ್ಥಾನ

ನಾವಿಕನಿಗೆ ಮುಖ್ಯವಾಗಿ ಬೇಕಾದ ಜ್ಞಾನಗಳು ಮೂರು: ಕೆಳಗೆ ಎಷ್ಟು ನೀರಿದೆ, ಯಾವ ದಿಕ್ಕಿಗೆ ಹೋಗುತ್ತಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ. ಇವುಗಳಲ್ಲಿ ಆಳವನ್ನು ನೋಡುವ ಸಾಧನವೇ ಅತ್ಯಂತ ಪ್ರಾಚೀನವಾದುದು. ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಇಳಿಬಿಡುವ ಪದ್ಧತಿಯನ್ನು ಕ್ರಿ. ಪೂ. ಐದನೆಯ ಶತಮಾನದ ಹೆರೊಡೋಟಸನು ಬಲ್ಲನು. ಈಜಿಪ್ಟಿನ ತೀರದಿಂದ ಒಂದು ದಿನದ ಪಯಣದಷ್ಟು ದೂರದಲ್ಲಿಯೇ ಗುಂಡಿಗೆ ಕೆಸರು ಹತ್ತುವುದೆಂದೂ, ಅಲ್ಲಿಯ ಆಳವು ಹನ್ನೊಂದು ಮಾರೆಂದೂ ಅವನು ತಿಳಿಸಿರುವನು. ಗುಂಡಿನ ತಳದ ಕುಳಿಯಲ್ಲಿ ಕೊಬ್ಬನ್ನು ತುಂಬಿ, ಅದಕ್ಕೆ ಅಂಟಿಬಂದ ಮಳಲೋ ಕೆಸರೋ ಎಂಬುದನ್ನು ನೋಡಿ ಸ್ಥಾನವನ್ನು ಊಹಿಸುವ ಅಭ್ಯಾಸವು ಯೂರೋಪಿನ ನಾವಿಕರಲ್ಲಿ ಬಹುಕಾಲ ನಡೆಯಿತು. ಕನ್ನಡದ 'ಮಾರು' ಎಂಬುದು ಎರಡೂ ತೋಳುಗಳನ್ನು ಚಾಚಿದ ಉದ್ದವು. ಇಂಗ್ಲಿಷರ ಫ್ಯಾದಮ್ ಸಹ ಮೂಲತಃ ಅದೇ ಅಳತೆಯು. ಫ್ಯಾದಮ್ಮಿಗೆ ಆರು ಅಡಿ, ಅಂದರೆ ಸುಮಾರು ೧.೮೩ ಮೀಟರೆಂಬ ನಿಯಮವು ತರುವಾಯ ಬಂದಿತು. ಮಾರಾದರೋ ಅಳೆಯುವವನ ತೋಳನ್ನೇ ಅವಲಂಬಿಸಿ ಉಳಿಯಿತು.

ವೇಗವನ್ನು ಅರಿಯುವುದಕ್ಕೆ ಗಂಟುಹಾಕಿದ ಹಗ್ಗಕ್ಕೆ ಮರದ ತುಂಡನ್ನು ಕಟ್ಟಿ ಹಿಂದಕ್ಕೆ ಬಿಡುತ್ತಿದ್ದರು. ೨೮ ಸೆಕೆಂಡಿನ ಮರಳುಗಡಿಯಾರವು ಬರಿದಾಗುವುದರೊಳಗೆ ೪೭ ಅಡಿ ೩ ಅಂಗುಲಕ್ಕೊಂದರಂತೆ ಇರುವ ಗಂಟುಗಳು ಎಷ್ಟು ಜಾರುವುವೋ, ಗಂಟೆಗೆ ಅಷ್ಟು ಸಮುದ್ರಮೈಲಿಗಳ ವೇಗವೆಂದು ಲೆಕ್ಕವು. ಈ ಗಂಟುಗಳಿಂದಲೇ 'ನಾಟ್' ಎಂಬ ವೇಗಮಾನವು ಹುಟ್ಟಿ ಇಂದಿಗೂ ಬಳಕೆಯಲ್ಲಿರುವುದು.

ಈ ಸಾಧನಗಳಲ್ಲಿ ಯಾವುದೂ ಮತ್ತೊಂದನ್ನು ಅರಿಯದು. ಗುಂಡಿನ ವಾರ್ತೆಯನ್ನು ದಿಕ್ಸೂಚಿಯು ಕೇಳಲಾರದು. ಎಲ್ಲವನ್ನೂ ಕೂಡಿಸಿ 'ಇಲ್ಲಿ ತಿರುಗಬೇಕು' ಎಂಬ ನಿಶ್ಚಯಕ್ಕೆ ಬರುವುದು ತಾಂಡೇಲನ ಮನಸ್ಸು ಮಾತ್ರ. ನೈಯಾಯಿಕರು ಮನಸ್ಸನ್ನು ಅಣುವೆಂದೂ, ಅದು ಒಂದು ಕ್ಷಣದಲ್ಲಿ ಒಂದೇ ಇಂದ್ರಿಯವನ್ನು ಕೂಡುವುದೆಂದೂ ಹೇಳುವರು. ಕಣ್ಣು ನೋಡುತ್ತಿರುವಾಗ ಕಿವಿಯ ಜ್ಞಾನವು ಹುಟ್ಟದು. ಹಳೆಯ ನೌಕೆಯಲ್ಲಿ ತಾಂಡೇಲನ ಸ್ಥಿತಿಯು ಈ ಸಿದ್ಧಾಂತಕ್ಕೆ ಪ್ರತ್ಯಕ್ಷೋದಾಹರಣೆಯಂತಿದ್ದಿತು.

೩. ಯಂತ್ರಗಳ ಬಹುಭಾಷೆ

ಇಪ್ಪತ್ತನೆಯ ಶತಮಾನದಲ್ಲಿ ಈ ಸಾಧನಗಳು ಒಂದೊಂದಾಗಿ ವಿದ್ಯುತ್ತಿನ ಆಶ್ರಯಕ್ಕೆ ಬಂದುವು. ಜರ್ಮನಿಯ ಕೀಲ್ ನಗರದ ಅಲೆಕ್ಸಾಂಡರ್ ಬೆಹ್ಮ್ ಎಂಬಾತನು ೧೯೧೩ರಲ್ಲಿ ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ನೌಕೆಯ ತಳದಿಂದ ಹೊರಟ ಧ್ವನಿಯು ಕಡಲ ತಳಕ್ಕೆ ತಗುಲಿ ಹಿಂದಿರುಗುವ ಕಾಲವನ್ನು ಎಣಿಸುವುದೇ ಇದರ ತತ್ತ್ವವು. ಸಮುದ್ರಜಲದಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು ೧೫೦೦ ಮೀಟರು ಸಾಗುವುದು. ಹೋಗಿಬರುವುದಕ್ಕೆ ೦.೦೮ ಸೆಕೆಂಡು ಹಿಡಿದರೆ ಒಟ್ಟು ದಾರಿಯು ೧೨೦ ಮೀಟರು. ಅದರ ಅರ್ಧವಾದ ೬೦ ಮೀಟರೇ ಆಳವು. ಧ್ವನಿಯನ್ನು ಕಳುಹಿಸಿ ಸ್ವೀಕರಿಸುವ ಅಂಗಕ್ಕೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಮುಂದೆ, ನೀರಿನಲ್ಲಿ ತಿರುಗುವ ಪುಟ್ಟ ಚಕ್ರದಿಂದ ವೇಗವನ್ನು ತಿಳಿಸುವ ಯಂತ್ರವೂ, ಕೂವೆಯ ತುದಿಯಲ್ಲಿ ನಿಂತು ಗಾಳಿಯನ್ನು ಅರಿಯುವ ಯಂತ್ರವೂ, ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ಜಿ. ಪಿ. ಎಸ್. ಯಂತ್ರವೂ ಬಂದುವು.

ಆದರೆ ಒಬ್ಬೊಬ್ಬ ತಯಾರಕನೂ ತನ್ನ ಸಂವೇದಕಕ್ಕೆ ತನ್ನದೇ ಫಲಕವನ್ನು ಜೋಡಿಸಿ, ತನಗೆ ತೋರಿದ ಸಂಕೇತದಲ್ಲಿ ವಾರ್ತೆಯನ್ನು ಕಳುಹಿಸುತ್ತಿದ್ದನು. ಒಬ್ಬನ ಯಂತ್ರದ ಮಾತು ಮತ್ತೊಬ್ಬನ ಯಂತ್ರಕ್ಕೆ ತಿಳಿಯದು. ಈ ಸ್ಥಿತಿಯು ಕನ್ನಡ ವಿದ್ವಾಂಸರಿಗೆ ಪರಿಚಿತವಾದ ಒಂದು ಪ್ರಾಚೀನ ದೃಶ್ಯವನ್ನು ನೆನಪಿಗೆ ತರುವುದು. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ, ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖಾರಿಟಿಯಾನ್ ಎಂಬವಳನ್ನು ಅವಳ ಕಡೆಯವರು ಬಿಡಿಸಿಕೊಂಡು ಹಡಗೇರುವ ಕಥೆಯಿದೆ. ತೀರದವರ ಬಾಯಿಯಲ್ಲಿ ಬರುವ ಗ್ರೀಕೇತರವಾದ ಮಾತುಗಳು ಕನ್ನಡವಾಗಿರಬಹುದೆಂದು ಹುಲ್ಟ್ಜ್ ಪಂಡಿತನು ೧೯೦೪ರಲ್ಲಿ ಸೂಚಿಸಿದನು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಈ ಚರ್ಚೆಯನ್ನು ಮುಂದುವರಿಸಿದರು. ಒಮ್ಮತವು ಇಂದಿಗೂ ಉಂಟಾಗಿಲ್ಲ. ಆ ಭಾಷೆಯು ಯಾವುದೇ ಆಗಿರಲಿ, ಹಡಗಿನವರೂ ತೀರದವರೂ ಒಬ್ಬರ ಮಾತನ್ನೊಬ್ಬರು ಅರಿಯದಿರುವುದೇ ಆ ಪ್ರಹಸನದ ಹಾಸ್ಯಕ್ಕೆ ಮೂಲವು. ನಾಟಕದಲ್ಲಿ ಅದು ನಗೆಗೆ ಕಾರಣವಾಗುವುದು. ಇರುಳಿನಲ್ಲಿ ಅಳಿವೆಯ ಬಾಯನ್ನು ಹೊಗುವ ನೌಕೆಯ ಯಂತ್ರಗಳಲ್ಲಿ ಅದೇ ಸ್ಥಿತಿಯು ಆಪತ್ತಿಗೆ ಕಾರಣವಾಗುವುದು.

೪. ವಕ್ತೃವೂ ಶ್ರೋತೃಗಳೂ

ಈ ಅನರ್ಥವನ್ನು ಹೋಗಲಾಡಿಸಲು ಮೊದಲಾದ ಸಂಸ್ಥೆಯು ಅಮೇರಿಕದ ನ್ಯಾಷನಲ್ ಮರೀನ್ ಇಲೆಕ್ಟ್ರಾನಿಕ್ಸ್ ಅಸೋಸಿಯೇಷನ್. ನೌಕಾಯಂತ್ರಗಳ ವರ್ತಕರು ೧೯೫೭ರಲ್ಲಿ ಸ್ಥಾಪಿಸಿದ ಈ ಸಂಘವು, ಹೆಸರಿನ ಮೊದಲಕ್ಷರಗಳಿಂದ 'ನ್ಮೀಯ' ಎಂದು ಪ್ರಸಿದ್ಧವಾಗಿದೆ. ಇದು ೧೯೮೦ರಲ್ಲಿ ೦೧೮೦ ಎಂಬ ನಿಯಮವನ್ನೂ, ೧೯೮೨ರಲ್ಲಿ ೦೧೮೨ನ್ನೂ, ೧೯೮೩ರಲ್ಲಿ ೦೧೮೩ನ್ನೂ ಪ್ರಕಟಿಸಿತು. ಕೊನೆಯದು ಲೋಕದಲ್ಲೆಲ್ಲ ಹರಡಿ, ಈ ದಿನವೂ ಅಸಂಖ್ಯಾತ ನೌಕೆಗಳಲ್ಲಿ ನಡೆಯುತ್ತಿದೆ.

ಈ ನಿಯಮದ ಪರಿಭಾಷೆಯು ಗಮನಿಸತಕ್ಕುದು. ವಾರ್ತೆಯನ್ನು ಕಳುಹಿಸುವ ಯಂತ್ರಕ್ಕೆ 'ಮಾತಾಡುವವನು' ಎಂದೂ, ಪಡೆಯುವ ಯಂತ್ರಕ್ಕೆ 'ಕೇಳುವವನು' ಎಂದೂ, ವಾರ್ತೆಗೆ 'ವಾಕ್ಯ' ಎಂದೂ ಅದನ್ನು ರಚಿಸಿದವರೇ ಹೆಸರಿಟ್ಟಿರುವರು. ಡಾಲರ್ ಚಿಹ್ನೆಯಿಂದ ವಾಕ್ಯವು ಆರಂಭವಾಗುವುದು. ಮೊದಲ ಎರಡು ಅಕ್ಷರಗಳು ವಕ್ತೃವು ಯಾರೆಂಬುದನ್ನು ತಿಳಿಸುವುವು, ಜಿ. ಪಿ. ಎಂದರೆ ಜಿ. ಪಿ. ಎಸ್. ಯಂತ್ರವು, ಎಸ್. ಡಿ. ಎಂದರೆ ಆಳಮಾಪಕವು. ಮುಂದಿನ ಮೂರು ಅಕ್ಷರಗಳು ವಾಕ್ಯದ ಜಾತಿಯನ್ನು ಹೇಳುವುವು. ಆಮೇಲೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಅಂಕೆಗಳೂ ಮಾನಗಳೂ ಬರುವುವು. ಒಂದು ವಾಕ್ಯವು ೮೨ ಅಕ್ಷರಗಳನ್ನು ಮೀರಕೂಡದು.

ಶಾಬ್ದಬೋಧಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ನಮ್ಮ ಶಾಸ್ತ್ರಕಾರರು ಹೇಳಿರುವರು. ಯಂತ್ರವಾಕ್ಯಕ್ಕೂ ಈ ಮೂರೂ ಅವಶ್ಯಕವಾಗಿರುವುದು ವಿಸ್ಮಯಕರವು. ಬರಿಯ 'ಹನ್ನೆರಡು' ಎಂದರೆ ಯಾವುದರ ಹನ್ನೆರಡು, ಮೀಟರೋ ಅಡಿಯೋ ಎಂಬ ಆಕಾಂಕ್ಷೆಯು ತೀರದು. ಆದುದರಿಂದ ಜಾತಿಯನ್ನೂ ಮಾನವನ್ನೂ ಹೇಳಲೇಬೇಕು. ಉಪಗ್ರಹಗಳು ಸಿಕ್ಕದಿರುವಾಗ ಸ್ಥಾನವನ್ನು ಹೇಳುವ ವಾಕ್ಯಕ್ಕೆ ಯೋಗ್ಯತೆಯಿಲ್ಲ. ಅದಕ್ಕಾಗಿ ಸ್ಥಾನವಾಕ್ಯದಲ್ಲಿ 'ಎ' ಎಂದರೆ ಗ್ರಾಹ್ಯವು, 'ವಿ' ಎಂದರೆ ಅಗ್ರಾಹ್ಯವು ಎಂಬ ಗುರುತನ್ನು ಇರಿಸಿದರು. ಸನ್ನಿಧಿಯೂ ಹಾಗೆಯೇ. ಎಂಟು ನಾಟಿನ ವೇಗದಲ್ಲಿ ಹೋಗುವ ನೌಕೆಯು ಹತ್ತು ಸೆಕೆಂಡಿನಲ್ಲಿ ಸುಮಾರು ೪೧ ಮೀಟರು ಮುಂದಕ್ಕೆ ಸರಿಯುವುದು. ಈಗಿನ ಸ್ಥಾನದೊಡನೆ ಹತ್ತು ಸೆಕೆಂಡಿನ ಹಿಂದಿನ ಆಳವನ್ನು ಅನ್ವಯಿಸಿದರೆ ಎರಡು ವಾಕ್ಯಗಳೂ ಸತ್ಯವಾಗಿದ್ದು ಫಲಿತಾರ್ಥವು ಮಾತ್ರ ಅಸತ್ಯವಾಗುವುದು.

ವಾಕ್ಯದ ಕೊನೆಯಲ್ಲಿ ನಕ್ಷತ್ರಚಿಹ್ನೆಯ ಮುಂದೆ ಎರಡು ಅಕ್ಷರಗಳ ಪರೀಕ್ಷಾಂಕವಿರುವುದು. ವಾಕ್ಯದ ಎಲ್ಲ ಅಕ್ಷರಗಳನ್ನೂ ಒಂದು ಗಣಿತಕ್ರಿಯೆಯಿಂದ ಕೂಡಿಸಿ ಬಂದ ಫಲವಿದು. ಕೇಳುವ ಯಂತ್ರವು ತಾನೂ ಅದನ್ನು ಗಣಿಸಿ, ಎರಡೂ ಸಮವಾಗದಿದ್ದರೆ ವಾಕ್ಯವನ್ನು ತ್ಯಜಿಸುವುದು. ವೇದಾಧ್ಯಯನದಲ್ಲಿ ಪದ, ಕ್ರಮ, ಜಟಾ, ಘನ ಪಾಠಗಳು ಅಕ್ಷರವು ಕೆಡದಂತೆ ಕಾಯುವ ಉಪಾಯಗಳಾಗಿದ್ದುದನ್ನು ಇಲ್ಲಿ ಸ್ಮರಿಸಬಹುದು. ಆದರೆ ಒಂದು ಭೇದವುಂಟು. ೦೧೮೩ರ ಪರೀಕ್ಷಾಂಕವು ಅಕ್ಷರಗಳ ಅನುಕ್ರಮವನ್ನು ನೋಡದು. ಎರಡು ಅಂಕೆಗಳು ಸ್ಥಾನವನ್ನು ಬದಲಾಯಿಸಿಕೊಂಡರೆ, ಅಂದರೆ ೧೨ ಎಂಬುದು ೨೧ ಆದರೆ, ಪರೀಕ್ಷಾಂಕವು ಮೊದಲಿನಂತೆಯೇ ಇರುವುದು. ಕ್ರಮಪಾಠವಾದರೋ ಪದಗಳನ್ನು ಎರಡೆರಡಾಗಿ ಹೆಣೆದು ಅನುಕ್ರಮವನ್ನೇ ಕಾಯುವುದು. ಈ ಕೊರತೆಯು ಮುಂದಿನ ತಂತಿಯಲ್ಲಿ ನೀಗಿತು.

೦೧೮೩ರ ಮತ್ತೊಂದು ಮಿತಿಯೆಂದರೆ, ಒಂದು ತಂತಿಯಲ್ಲಿ ಒಬ್ಬನೇ ವಕ್ತೃವಿರಬಲ್ಲನು, ಶ್ರೋತೃಗಳು ಹಲವರಿರಬಹುದು. ಉಪನ್ಯಾಸಕ್ಕೆ ಇದು ಸಾಕು, ಸಂಭಾಷಣೆಗೆ ಸಾಲದು. ವೇಗವೂ ಸೆಕೆಂಡಿಗೆ ೪೮೦೦ ಬಿಟ್ಟುಗಳು ಮಾತ್ರ; ಅಷ್ಟರಲ್ಲಿ ಆರು ಪೂರ್ಣವಾಕ್ಯಗಳೂ ಹಿಡಿಯವು. ಹತ್ತು ಯಂತ್ರಗಳಿರುವ ನೌಕೆಯಲ್ಲಿ ತಂತಿಗಳು ಬಳ್ಳಿಗಳಂತೆ ತೊಡರಿಕೊಂಡು, ಯಾವುದು ಯಾವುದಕ್ಕೆ ಸೇರಿತೆಂಬುದು ಜೋಡಿಸಿದವನಿಗೇ ಮರೆತುಹೋಗುತ್ತಿದ್ದಿತು.

೫. ಏಕಸೂತ್ರ

ಪರಿಹಾರವು ನೆಲದ ವಾಹನಗಳಿಂದ ಬಂದಿತು. ಜರ್ಮನಿಯ ಬಾಷ್ ಕಂಪೆನಿಯವರು ೧೯೮೩ರಿಂದ ಪರಿಶ್ರಮಿಸಿ, ೧೯೮೬ರಲ್ಲಿ ಡೆಟ್ರಾಯಿಟ್ ನಗರದ ವಾಹನಶಿಲ್ಪಿಗಳ ಸಮ್ಮೇಲನದಲ್ಲಿ 'ಕ್ಯಾನ್' ಎಂಬ ತಂತಿವ್ಯವಸ್ಥೆಯನ್ನು ಪ್ರದರ್ಶಿಸಿದರು. ಲಾರಿಗಳಿಗಾಗಿ ಇದರ ಮೇಲೆ ಜೆ-೧೯೩೯ ಎಂಬ ನಿಯಮವು ಕಟ್ಟಲ್ಪಟ್ಟಿತು. ಆ ನಿಯಮವನ್ನು ಆಧರಿಸಿ ನ್ಮೀಯ ಸಂಘವು ೧೯೯೦ರ ದಶಕದಲ್ಲಿ ನೌಕೆಗಳಿಗೆ ಹೊಸ ನಿಯಮವನ್ನು ರೂಪಿಸಿ, ಅದಕ್ಕೆ '೨೦೦೦' ಎಂದು ಹೆಸರಿಟ್ಟು, ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಬಳಕೆಗೆ ತಂದಿತು. ಕಪನೂರದ ಲಾರಿಗೂ ಕಡಲ ನೌಕೆಗೂ ವ್ಯಾಕರಣವು ಒಂದೆಂದು ಆರಂಭದಲ್ಲಿ ಹೇಳಿದುದಕ್ಕೆ ಈ ವಂಶಾವಳಿಯೇ ಪ್ರಮಾಣವು.

ಇದರ ರಚನೆಯು ಸರಳವಾದುದು. ನೌಕೆಯ ಉದ್ದಕ್ಕೂ ಬೆನ್ನೆಲುಬಿನಂತೆ ಒಂದು ಮುಖ್ಯಸೂತ್ರವು ಸಾಗುವುದು. ಅಲ್ಲಲ್ಲಿ 'ಟಿ' ಆಕಾರದ ಕೂಡುಗಳಿಂದ ಕವಲುತಂತಿಗಳು ಹೊರಟು ಒಂದೊಂದು ಸಂವೇದಕವನ್ನೋ ಫಲಕವನ್ನೋ ಸೇರುವುವು. ಯಾವ ಕವಲೂ ೬ ಮೀಟರನ್ನು ಮೀರಕೂಡದು. ಸೂತ್ರದೊಳಗೆ ಐದು ತಂತಿಗಳು: ಕೆಂಪು ಕಪ್ಪುಗಳು ವಿದ್ಯುತ್ತನ್ನು ಒದಗಿಸುವುವು, ಬಿಳಿ ನೀಲಿಗಳು ವಾರ್ತೆಯನ್ನು ಒಯ್ಯುವುವು, ಐದನೆಯದು ಹೊರಗಿನ ಕ್ಷೋಭೆಯನ್ನು ತಡೆಯುವ ಹೊದಿಕೆಯು. ಬಿಳಿ ನೀಲಿಗಳೆರಡರ ಒತ್ತಡದ ಅಂತರವೇ ಸಂಕೇತವಾಗಿರುವುದರಿಂದ, ಹೊರಗಿನ ಕ್ಷೋಭೆಯು ಎರಡನ್ನೂ ಸಮವಾಗಿ ಅಲುಗಿಸಿದರೂ ಅರ್ಥವು ಕೆಡದು.

ಮುಖ್ಯಸೂತ್ರದ ಎರಡು ತುದಿಗಳಲ್ಲಿಯೂ ೧೨೦ ಓಮ್ ಪ್ರತಿರೋಧದ ಮುಚ್ಚಳಗಳಿರಬೇಕು. ಇಲ್ಲದಿದ್ದರೆ ವಾರ್ತೆಯು ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ ಮುಂದಿನ ವಾರ್ತೆಯನ್ನು ಕಲಕುವುದು. ಕಡಲ ತಳದ ಪ್ರತಿಧ್ವನಿಯಿಂದ ಆಳವು ತಿಳಿಯುವುದು. ತಂತಿಯ ತುದಿಯ ಪ್ರತಿಧ್ವನಿಯಿಂದ ಆ ತಿಳಿವೇ ಕೆಡುವುದು. ಇದನ್ನು ಪರೀಕ್ಷಿಸುವ ಕ್ರಮವೂ ಸುಲಭವು. ವಿದ್ಯುತ್ತನ್ನು ನಿಲ್ಲಿಸಿ ಬಿಳಿ ನೀಲಿಗಳ ನಡುವೆ ಅಳೆದರೆ ಸುಮಾರು ೬೦ ಓಮ್ ಬರತಕ್ಕುದು. ೧೨೦ ಬಂದರೆ ಒಂದು ಮುಚ್ಚಳವು ಇಲ್ಲವೆಂದೂ, ೪೦ ಬಂದರೆ ಯಾರೋ ಮೂರನೆಯದನ್ನು ಸೇರಿಸಿರುವರೆಂದೂ ತಿಳಿಯಬೇಕು. ನೌಕೆಗಳಲ್ಲಿ ಫಲಕವು ಆಗಾಗ ಕುರುಡಾಗುವ ದೋಷಕ್ಕೆ ಮುಚ್ಚಳದ ಅಭಾವವೂ, ಉಪ್ಪುನೀರಿನಿಂದ ಕಿಲುಬು ಹಿಡಿದ ಕೂಡುಗಳೂ ಬಹುಸಾಮಾನ್ಯವಾದ ಕಾರಣಗಳು.

ಈ ಸೂತ್ರದಲ್ಲಿ ಪ್ರತಿಯೊಂದು ಯಂತ್ರವೂ ವಕ್ತೃವೂ ಹೌದು, ಶ್ರೋತೃವೂ ಹೌದು. ಒಂದೇ ಕ್ಷಣದಲ್ಲಿ ಇಬ್ಬರು ಮಾತಿಗೆ ತೊಡಗಿದರೆ ಯಾರಿಗೆ ಅವಕಾಶವೆಂಬ ಪ್ರಶ್ನೆಯು ಏಳುವುದು. ಪ್ರತಿ ವಾರ್ತೆಯ ತಲೆಯಲ್ಲಿಯೂ ಒಂದು ಸಂಖ್ಯೆಯಿರುವುದು. ಸಂಖ್ಯೆಯು ಚಿಕ್ಕದಾದಷ್ಟೂ ಬಲವು ಹೆಚ್ಚು. ತನ್ನದಕ್ಕಿಂತ ಬಲವಾದ ಸಂಖ್ಯೆಯು ತಂತಿಯಲ್ಲಿ ಕೇಳಿಬಂದೊಡನೆ ದುರ್ಬಲವಾದ ಯಂತ್ರವು ತಾನಾಗಿಯೇ ಮೌನವಾಗುವುದು. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳು ಒಂದೆಡೆ ಸೇರಿದಾಗ ಮುಂದಿನದು ಹಿಂದಿನದಕ್ಕಿಂತ ದುರ್ಬಲವೆಂದು ಜೈಮಿನಿಯು ವಿಧಿಸಿದ ನ್ಯಾಯವನ್ನು ಇದು ಹೋಲುವುದು. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ಮೀಮಾಂಸೆಯಲ್ಲಿ ದುರ್ಬಲವಾದುದಕ್ಕೆ ಆ ವಿಷಯದಲ್ಲಿ ಬಾಧವೇ ಸಂಭವಿಸುವುದು. ತಂತಿಯಲ್ಲಿ ಬಾಧವಿಲ್ಲ, ವಿಲಂಬವು ಮಾತ್ರ. ಬಲವಾದುದು ಮುಗಿದೊಡನೆ ದುರ್ಬಲವಾದುದು ಮರಳಿ ಪ್ರಯತ್ನಿಸುವುದು. ಯಾವ ಮಾತೂ ನಷ್ಟವಾಗದು.

ವೇಗವು ಸೆಕೆಂಡಿಗೆ ೨,೫೦,೦೦೦ ಬಿಟ್ಟುಗಳು; ಹಳೆಯದರ ಸುಮಾರು ೫೨ ಪಾಲು. ಒಂದು ವಾರ್ತೆಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಸುಮಾರು ಅರ್ಧವು ಸಾಕು. ವಾಸ್ತವದಲ್ಲಿ ವಾರ್ತೆಗಳು ಒಂದಾದ ಮೇಲೊಂದರಂತೆಯೇ ಹೋಗುವುವು. ನೋಡುವವನಿಗೆ ಎಲ್ಲವೂ ಏಕಕಾಲದಲ್ಲಿ ಬಂದಂತೆ ತೋರುವುದು. ನೂರು ನೈದಿಲೆಯ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಲೇ ತೂತಾದಂತೆ ಭ್ರಮೆಯಾಗುವುದೆಂಬ ಉತ್ಪಲಪತ್ರಶತಭೇದನ್ಯಾಯಕ್ಕೆ ಇದು ಸ್ಪಷ್ಟವಾದ ನಿದರ್ಶನವು. ಪರೀಕ್ಷಾಂಕವೂ ಇಲ್ಲಿ ಹದಿನೈದು ಬಿಟ್ಟುಗಳ ಭಾಗಹಾರಶೇಷವಾಗಿದ್ದು, ಅನುಕ್ರಮದ ವ್ಯತ್ಯಾಸವನ್ನೂ ಹಿಡಿಯಬಲ್ಲುದು.

೬. ಒಂದೇ ಶಬ್ದ, ಮೂರು ಆಳ

ಇಷ್ಟೆಲ್ಲ ಒದಗಿದರೂ ಉಳಿಯುವ ದೋಷವೊಂದಿದೆ. ಅದು ತಂತಿಯದಲ್ಲ, ಶಬ್ದದ್ದು.

'ಆಳವು ಮೂರು ಮೀಟರು' ಎಂದು ಫಲಕವು ತೋರಿಸಿತೆನ್ನೋಣ. ಎಲ್ಲಿಂದ ಮೂರು ಮೀಟರು? ಟ್ರಾನ್ಸ್‌ಡ್ಯೂಸರಿಗೆ ತಿಳಿದಿರುವುದು ತನ್ನಿಂದ ಕಡಲ ತಳದವರೆಗಿನ ದೂರವು ಮಾತ್ರ. ಅದು ನೀರಿನ ಮೇಲ್ಮೈಯಿಂದ ಒಂದು ಮೀಟರು ಕೆಳಗಿದ್ದು, ನೌಕೆಯ ಅಡಿಮರವು ಅದಕ್ಕಿಂತ ಅರ್ಧ ಮೀಟರು ಕೆಳಗಿದ್ದರೆ, ಯಂತ್ರವು ಅಳೆದುದು ಮೂರು, ನಿಜವಾದ ನೀರು ನಾಲ್ಕು, ಅಡಿಮರದ ಕೆಳಗೆ ಉಳಿದುದು ಎರಡೂವರೆ. ೦೧೮೩ರ ನಿಯಮವು ಇದನ್ನು ಅರಿತು ಮೂರಕ್ಕೂ ಬೇರೆ ಬೇರೆ ವಾಕ್ಯಗಳನ್ನು ಕಲ್ಪಿಸಿತು: ಡಿ. ಬಿ. ಟಿ. ಎಂಬುದು ಟ್ರಾನ್ಸ್‌ಡ್ಯೂಸರಿನಿಂದ, ಡಿ. ಬಿ. ಎಸ್. ಎಂಬುದು ಮೇಲ್ಮೈಯಿಂದ, ಡಿ. ಬಿ. ಕೆ. ಎಂಬುದು ಅಡಿಮರದಿಂದ. ೨೦೦೦ದ ನಿಯಮದಲ್ಲಿ ೧೨೮೨೬೭ ಎಂಬ ಸಂಖ್ಯೆಯ ಒಂದೇ ವಾರ್ತೆಯಲ್ಲಿ ಆಳದೊಡನೆ 'ಅಂತರ'ವನ್ನೂ ಕಳುಹಿಸುವರು. ಅದು ಧನವಾದರೆ ಮೇಲ್ಮೈಯವರೆಗಿನದು, ಋಣವಾದರೆ ಅಡಿಮರದವರೆಗಿನದು. ಈ ಅಂತರವನ್ನು ಅಳೆದು ತುಂಬತಕ್ಕವನು ಮನುಷ್ಯನೇ. ಯಾವ ತಂತಿಯೂ ಅದನ್ನು ತಾನಾಗಿ ತಿಳಿಯಲಾರದು. ಅಂತರವನ್ನು ತುಂಬದೆ ಬಿಟ್ಟರೆ, ಅಥವಾ ಒಂದು ಫಲಕವು ಅದನ್ನು ಕೂಡಿಸಿ ಮತ್ತೊಂದು ಬಿಟ್ಟರೆ, ಒಂದೇ ನೌಕೆಯ ಎರಡು ಫಲಕಗಳು ಎರಡು ಆಳಗಳನ್ನು ಹೇಳುವುವು. ನಾಲ್ಕು ಮೀಟರೆಂದು ಓದಿದವನು ಅದು ಅಡಿಮರದ ಕೆಳಗಿನದೆಂದು ಭ್ರಮಿಸಿ, ಅಲೆಯೆದ್ದ ಅಳಿವೆಯನ್ನು ಎರಡೂವರೆ ಮೀಟರಿನ ಅವಕಾಶದಲ್ಲಿ ಹೊಗುವನು. ನದಿಗಳ ಬಾಯಿಗಳಲ್ಲಿ ಮರಳದಿಣ್ಣೆಗಳು ಸ್ಥಾನವನ್ನು ಬದಲಾಯಿಸುತ್ತಿರುವ ಕರಾವಳಿಯಲ್ಲಿ ಒಂದೂವರೆ ಮೀಟರಿನ ಭ್ರಮೆಯು ಅಲ್ಪವಾದುದಲ್ಲ.

ಕನ್ನಡದಲ್ಲಿ ಈ ಮೂರಕ್ಕೂ 'ಆಳ' ಎಂಬ ಒಂದೇ ಶಬ್ದವಿರುವುದು. ಹಳಗನ್ನಡವು ಇಂತಹ ಸಂಕರಗಳನ್ನು ಅಕ್ಷರದಿಂದಲೇ ತಪ್ಪಿಸುತ್ತಿದ್ದಿತು. ನೀರಿನ ಆಳವು ರಳಾಕ್ಷರದ 'ಆೞ'ವಾಗಿದ್ದು, ಭಟನೆಂಬ ಅರ್ಥದ 'ಆಳ್' ಕುಳಾಕ್ಷರದ್ದಾಗಿದ್ದಿತು. ೞಕಾರವು ಲೋಪವಾದ ಮೇಲೆ ಎರಡೂ ಒಂದೇ ಧ್ವನಿಯಾದುವು. ಸಂದರ್ಭವೇ ಅರ್ಥವನ್ನು ನಿರ್ಣಯಿಸಬೇಕಾಯಿತು. ಕಾವ್ಯವನ್ನು ಓದುವವನಿಗೆ ಸಂದರ್ಭವನ್ನು ನೋಡಲು ಅವಕಾಶವಿದೆ, ಅಳಿವೆಯನ್ನು ಹೊಗುವವನಿಗಿಲ್ಲ. ಆದುದರಿಂದ ಮೇಲ್ಮೈಯಿಂದ ಅಳೆದುದಕ್ಕೆ 'ನೀರಾಳ'ವೆಂದೂ, ಟ್ರಾನ್ಸ್‌ಡ್ಯೂಸರಿನಿಂದ ಅಳೆದುದಕ್ಕೆ 'ಯಂತ್ರಾಳ'ವೆಂದೂ, ಅಡಿಮರದ ಕೆಳಗೆ ಮಿಕ್ಕುದಕ್ಕೆ 'ಮಿಕ್ಕಾಳ'ವೆಂದೂ ಸಂಕೇತವನ್ನು ಏರ್ಪಡಿಸಿಕೊಳ್ಳುವುದು ಉಚಿತವು. ಮೂರನೆಯದಕ್ಕೆ 'ಅಡಿಯಾಳ'ವೆಂಬುದು ಸಹಜವಾಗಿ ತೋರಬಹುದಾದರೂ, ಸೇವಕನೆಂಬ ಅರ್ಥದ 'ಅಡಿಯಾಳು' ಶಬ್ದದೊಡನೆ ಸಂಕರವಾಗುವುದರಿಂದ ಅದು ತ್ಯಾಜ್ಯವು. ಕರಾವಳಿಯ ತಾಂಡೇಲರ ಬಾಯಲ್ಲಿ ಇದಕ್ಕಿಂತ ಸೊಗಸಾದ ಶಬ್ದಗಳು ಬಳಕೆಯಲ್ಲಿದ್ದರೆ ಅವೇ ಗ್ರಾಹ್ಯವೆಂಬುದರಲ್ಲಿ ಸಂದೇಹವಿಲ್ಲ.

೭. ಕರಾವಳಿಯ ಅನುಭವ

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳ ತೀರದಲ್ಲಿ ಯಂತ್ರದೋಣಿಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿದುವು. ೧೯೬೯ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕೆಯ ಕಾಲೇಜು ಸ್ಥಾಪಿತವಾಯಿತು. ೧೯೭೦ರ ದಶಕದಲ್ಲಿ ದೊಡ್ಡ ಸುತ್ತುಬಲೆಗಳು ಬಂದುವು. ದೋಣಿಗಳು ದೂರ ಹೋದಂತೆಲ್ಲ ಮೀನುಶೋಧಕ, ಜಿ. ಪಿ. ಎಸ್., ವಿ. ಎಚ್. ಎಫ್. ರೇಡಿಯೋ ಮೊದಲಾದುವು ಚಾಲಕನ ಕೋಣೆಯನ್ನು ಸೇರಿದುವು. ಅವು ಒಂದೊಂದಾಗಿ ಬಂದುವು. ಬೇರೆ ಬೇರೆ ತಯಾರಕರಿಂದ ಬಂದುವು. ಹಳೆಯ ಡೀಸೆಲ್ ಇಂಜಿನ್ನುಗಳಿಗಂತೂ ಮಾತಾಡುವ ತಂತಿಯೇ ಇಲ್ಲ. ಅವುಗಳ ಶಾಖವನ್ನೂ ಒತ್ತಡವನ್ನೂ ಸೂತ್ರಕ್ಕೆ ತಿಳಿಸಲು ನಡುವೆ ದುಭಾಷಿಯಂತಹ ಯಂತ್ರವೊಂದು ಬೇಕಾಗುವುದು. ಇಂತಹ ದೋಣಿಯಲ್ಲಿ ಯಂತ್ರಗಳು ಹೆಚ್ಚಿದರೂ ಸಂಧಿಸ್ಥಾನವು ಮೊದಲಿನಂತೆ ತಾಂಡೇಲನ ಮನಸ್ಸೇ ಆಗಿರುವುದು.

೨೦೧೮ನೆಯ ಡಿಸೆಂಬರ್ ೧೩ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಡಿಸೆಂಬರ್ ೧೫ರ ಇರುಳಿನ ತರುವಾಯ ಅದರಿಂದ ಯಾವ ವಾರ್ತೆಯೂ ಬರಲಿಲ್ಲ. ನಾಲ್ಕು ತಿಂಗಳಿಗೂ 

ಮಿಕ್ಕಿ ಹುಡುಕಾಟವು ನಡೆದು, ೨೦೧೯ನೆಯ ಮೇ ತಿಂಗಳ ಆದಿಯಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲವಣದ ಆಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿಯಿತು. ಏಳು ಮನೆಗಳವರು ಅಷ್ಟು ಕಾಲ ಒಂದು ವಾಕ್ಯಕ್ಕಾಗಿ ಕಾದರು. ದೋಣಿಯೊಳಗಿನ ಯಂತ್ರಗಳು ಎಷ್ಟೇ ಚೆನ್ನಾಗಿ ಮಾತಾಡಿಕೊಂಡರೂ, ಕೊನೆಯ ಮಾತು ದೋಣಿಯಿಂದ ಹೊರಕ್ಕೆ ಬರದಿದ್ದರೆ ಸಾಲದೆಂಬುದನ್ನು ಈ ಘಟನೆಯು ಕರಾವಳಿಗೆ ತಿಳಿಸಿತು.

ಆ ದಿಕ್ಕಿನಲ್ಲಿ ನಡೆದಿರುವ ಪ್ರಯತ್ನಗಳೂ ಚರಿತ್ರೆಗೆ ಸೇರತಕ್ಕವು. ಹೈದರಾಬಾದಿನಲ್ಲಿ ೧೯೯೯ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ದೊರೆಯಬಹುದಾದ ವಲಯಗಳನ್ನೂ ಅಲೆಗಳ ಎಚ್ಚರಿಕೆಯನ್ನೂ ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಪ್ರಕಟಿಸುವುದು. ೧೯೫೬ರವರೆಗೆ ಕಲಬುರಗಿಯು ಯಾವ ರಾಜ್ಯಕ್ಕೆ ಸೇರಿದ್ದಿತೋ ಆ ರಾಜ್ಯದ ರಾಜಧಾನಿಯಾಗಿದ್ದ ಒಳನಾಡಿನ ನಗರದಿಂದಲೇ ಮಲ್ಪೆಯ ದೋಣಿಗೆ ಕಡಲಿನ ವಾರ್ತೆಯು ಹೋಗುವುದು ಸ್ವಾರಸ್ಯವಾದುದು. ೨೦೧೯ರಲ್ಲಿ 'ಜೆಮಿನಿ' ಎಂಬ ಯಂತ್ರವು ಬಂದಿತು. ಉಪಗ್ರಹದ ವಾರ್ತೆಯನ್ನು ಪಡೆದು ಬ್ಲೂಟೂತ್ ಮೂಲಕ ಮೀನುಗಾರನ ಮೊಬೈಲ್ ಫೋನಿಗೆ ಒಪ್ಪಿಸುವುದು ಇದರ ಕೆಲಸವು. ಆದರೆ ಇದು ಶ್ರೋತೃವು ಮಾತ್ರ, ಮರುಮಾತು ಆಡದು. ಇಸ್ರೋ ಸಂಸ್ಥೆಯ 'ನಭಮಿತ್ರ'ವು ಎರಡೂ ಕಡೆಗೆ ಮಾತಾಡಬಲ್ಲುದು. ಆಪತ್ತಿನಲ್ಲಿ ದೋಣಿಯಿಂದ ತೀರಕ್ಕೂ ವಾರ್ತೆಯು ಹೋಗುವುದು. ಒಂದು ಲಕ್ಷ ದೋಣಿಗಳಿಗೆ ಇಂತಹ ಟ್ರಾನ್ಸ್‌ಪಾಂಡರುಗಳನ್ನು ಅಳವಡಿಸುವ ೩೬೪ ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಯು ೨೦೨೪ನೆಯ ಆಗಸ್ಟ್ ೩೦ರಂದು ಮಹಾರಾಷ್ಟ್ರದ ಪಾಲ್ಘರಿನಲ್ಲಿ ಆರಂಭವಾಯಿತು. ಈ ಎರಡೂ ಯಂತ್ರಗಳಲ್ಲಿ ದರ್ಶಕಫಲಕವೆಂದರೆ ಮೀನುಗಾರನ ಜೇಬಿನ ಫೋನೇ. ತಂತಿಯ ಸ್ಥಾನವನ್ನು ಆಕಾಶವು ಪಡೆದಿರುವುದು.

೮. ಉಪಸಂಹಾರ

ಮೇಲ್ಕಂಡ ಚರಿತ್ರೆಯಿಂದ ಸಿದ್ಧವಾಗುವ ಅಂಶಗಳಿವು. ಮೊದಲು ಯಂತ್ರಗಳೇ ಇರಲಿಲ್ಲ. ಆಮೇಲೆ ಮೂಕವಾದ ಯಂತ್ರಗಳು ಬಂದುವು. ೧೯೮೩ರಲ್ಲಿ ಅವು ಒಬ್ಬನು ಹೇಳಿ ಹಲವರು ಕೇಳುವ ವಾಕ್ಯವನ್ನು ಕಲಿತುವು. ತರುವಾಯ ಏಕಸೂತ್ರದಲ್ಲಿ ಸಂಭಾಷಣೆಯನ್ನು ಕಲಿತುವು. ಈಗ ದೋಣಿಯ ಹೊರಗಣ ಲೋಕದೊಡನೆಯೂ ಮಾತಾಡತೊಡಗಿವೆ. ಪ್ರತಿಯೊಂದು ಹಂತದಲ್ಲಿಯೂ ಮುನ್ನಡೆಗೆ ಕಾರಣವಾದುದು ಹೊಸ ಲೋಹವಲ್ಲ, ಹೊಸ ಒಪ್ಪಂದವು: ಯಾವ ಶಬ್ದಕ್ಕೆ ಯಾವ ಅರ್ಥ, ಯಾವ ಮಾನ, ಯಾರು ಮೊದಲು, ಕೆಟ್ಟುದನ್ನು ಹೇಗೆ ಅರಿಯುವುದು ಎಂಬ ಸಮಯಬಂಧವು. ಶಬ್ದಾರ್ಥಗಳ ಸಂಬಂಧವು ಸಾಂಕೇತಿಕವೆನ್ನುವ ನೈಯಾಯಿಕರ ಪಕ್ಷಕ್ಕೆ ಯಂತ್ರಲೋಕದಲ್ಲಿ ಇದಕ್ಕಿಂತ ದೃಢವಾದ ಸಾಕ್ಷಿಯು ದೊರೆಯುವುದು ದುರ್ಲಭವು.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷವೂ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ಕಾಲ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು. ಬಲೆಗಳನ್ನು ಹೆಣೆದು ದೋಣಿಗಳನ್ನು ಸರಿಪಡಿಸುವ ಆ ಕಾಲದಲ್ಲಿ, ಮುಖ್ಯಸೂತ್ರದ ಓಮ್ ಅಂಕವನ್ನೂ ಟ್ರಾನ್ಸ್‌ಡ್ಯೂಸರಿನ ಅಂತರವನ್ನೂ ಅಳೆದು ಸರಿಯಾಗಿ ತುಂಬುವುದು ಶಿಲ್ಪಿಯ ಕರ್ತವ್ಯವು. ಅಲ್ಲಿ ತುಂಬತಕ್ಕ ಶಬ್ದವು ನೀರಾಳವೋ, ಯಂತ್ರಾಳವೋ, ಮಿಕ್ಕಾಳವೋ ಎಂಬುದನ್ನು ಸಂದೇಹಕ್ಕೆಡೆಯಿಲ್ಲದಂತೆ ಕನ್ನಡದಲ್ಲಿ ನಿಶ್ಚಯಿಸಿ, ಪಾಠಪುಸ್ತಕಗಳಲ್ಲಿ ನೆಲೆಗೊಳಿಸುವುದು ಭಾಷಾಪಂಡಿತರ ಮತ್ತು ಉಪಾಧ್ಯಾಯರ ಕರ್ತವ್ಯವು.